ನೀಲಿ ಗಾಡಿ, ಹಳದಿ ಗಾಡಿ

ಕ್ಯಾನಿನ ಮುಚ್ಚಳ ತಿರುಗಿಸಿದ ಕೂಡಲೇ ಆ ವಾಸನೆ ಬಂತು. ಬರೀ ಪೆಟ್ರೋಲಿನದ್ದಲ್ಲ, ಅದಕ್ಕೆ ಕಲಸುವ ಎಣ್ಣೆಯದ್ದು. ಸ್ವಲ್ಪ ಸಿಹಿ, ಸ್ವಲ್ಪ ಒಲೆಯ ಮೇಲೆ ಮರೆತುಬಿಟ್ಟ ಹರಳೆಣ್ಣೆಯ ಹಾಗೆ. ನಮ್ಮ ಮನೆಯವರು ತೀರಿಕೊಂಡ ಮೇಲೆ ಆ ಕ್ಯಾನನ್ನು ನಾನು ಮುಟ್ಟಿರಲಿಲ್ಲ. ಬಚ್ಚಲ ಹಿಂದಿನ ಕಟ್ಟೆಯ ಮೇಲೆ ಅದು ಅವರು ಇಟ್ಟ ಕಡೆಯೇ ಇತ್ತು.

ಹೋದ ಭಾನುವಾರ ನನ್ನ ತಮ್ಮ ಶಿವು ಭದ್ರಾವತಿಯಿಂದ ಬಂದ. ಬರುವಾಗ ಲಗೇಜ್ ಆಟೋದಲ್ಲಿ ತನ್ನ ಹಳದಿ ಗಾಡಿಯನ್ನೂ ಹೇರಿಕೊಂಡು ಬಂದಿದ್ದ. ಮೊದಲೇ ಒಂದು ಫೋನೂ ಮಾಡಿರಲಿಲ್ಲ.

"ಅಕ್ಕ, ಸ್ವಲ್ಪ ಪೆಟ್ರೋಲ್ ಕಲಸಿ ಕೊಡು. ಭಾವನ ಗಾಡಿ ಸ್ಟಾರ್ಟ್ ಮಾಡೋಣ. ನಿಂತೂ ನಿಂತೂ ಎಂಜಿನ್ ಹಿಡ್ಕೊಂಡುಬಿಡುತ್ತೆ."

"ಅದಕ್ಕೆ ನಿನ್ನ ಗಾಡಿ ಯಾಕೆ ತಂದೆ?"

"ಅದೂ ನಿಂತೇ ಇತ್ತು" ಎಂದ. ನನ್ನ ಮುಖ ನೋಡಲಿಲ್ಲ.

ಇವನಿಗೆ ನೀಲಿ ಗಾಡಿ ಬೇಕಾಗಿದೆ ಎಂದುಕೊಂಡೆ. ಎರಡನ್ನೂ ಪಕ್ಕದಲ್ಲಿ ನಿಲ್ಲಿಸಿ, ಅದು ಇದು ಮಾತಾಡಿ, ಹೋಗುವಾಗ ಆಟೋಗೆ ಎರಡನ್ನೂ ಏರಿಸುವ ಯೋಚನೆ ಇರಬೇಕು. ಶಿವುವಿನ ವಿಷಯದಲ್ಲಿ ನನಗೆ ಹೀಗೆ ಅನ್ನಿಸುವುದು ಹೊಸದಲ್ಲ. ನಮ್ಮೂರ ಹತ್ತಿರದ ಸೋಗಾನೆಯಲ್ಲಿ ವಿಮಾನ ಇಳಿಯಲು ಶುರುವಾದ ಮರುವರ್ಷದ ಬೇಸಿಗೆ ಪೂರ್ತಿ ನಾನು ಅವನನ್ನು ಹೀಗೇ ನೋಡುತ್ತಿದ್ದೆ.

ನಮ್ಮ ಮನೆಯವರದ್ದು ಶಿವಮೊಗ್ಗದ ಎನ್.ಟಿ. ರಸ್ತೆಯ ಒಂದು ಕವಲಿನಲ್ಲಿ ಬೈಕ್ ರಿಪೇರಿ ಗ್ಯಾರೇಜು. ಹಿಂದೆಯೇ ಮನೆ. ಬಂದವರೆಲ್ಲ ಮಹೇಶಣ್ಣ ಎಂದು ಕರೆಯುತ್ತಿದ್ದರು. ಶಿವುವಿನದ್ದು ಭದ್ರಾವತಿಯ ಹಳೇ ಊರಿನಲ್ಲಿ ಲೇತು, ವೆಲ್ಡಿಂಗು. ಇಬ್ಬರಿಗೂ ಮಣ್ಣಿನ ಮೇಲೆ ಓಡಿಸುವ ರೇಸಿನ ಬೈಕುಗಳ ಹುಚ್ಚು. ಇವರಿಗೆ ಚಿಕ್ಕಮಗಳೂರಿನ ಕಾಫಿ ತೋಟದವರೊಬ್ಬರ ಶೆಡ್ಡಿನಲ್ಲಿ ಗೊಬ್ಬರದ ಚೀಲಗಳ ಹಿಂದೆ ಬಿದ್ದಿದ್ದ ನೀಲಿ ಗಾಡಿ ಸಿಕ್ಕಿತು. ಅದನ್ನು ಕೇಳಿದ್ದೇ ಶಿವು ಕೊಯಮತ್ತೂರಿಗೆ ಹೋಗಿ ಹಳದಿಯದನ್ನು ತಂದ. ಎರಡೂ ಜಪಾನಿನವು, ಎರಡೂ ಟೂ-ಸ್ಟ್ರೋಕ್, ಒಂದಕ್ಕೊಂದು ಪೈಪೋಟಿ ಮಾಡಿದ ಕಂಪನಿಗಳವು. ಲೈಟಿಲ್ಲ, ಹಾರ್ನಿಲ್ಲ, ರಸ್ತೆಗೆ ಇಳಿಸುವ ಹಾಗಿಲ್ಲ. ಯಾವುದು ಹೆಚ್ಚು ಎಂಬ ಮಾತು ಭಾವ ಭಾವಮೈದುನರ ನಡುವೆ ಊಟದ ಎಲೆಯ ಮುಂದೆಯೂ ನಿಲ್ಲುತ್ತಿರಲಿಲ್ಲ.

"ನಿನ್ನದು ಅರ್ಧ ದಾರಿ ನಿದ್ದೆ ಮಾಡುತ್ತೆ ಮಾರಾಯ. ಆಮೇಲೆ ಯಾರೋ ಚಿವುಟಿದ ಹಾಗೆ ಎದ್ದು ಓಡುತ್ತೆ" ಎಂದು ಇವರು.

"ನಿಮ್ಮದು ಹಾಲಿನವರ ಗಾಡಿ ಭಾವ. ಮೊದಲಿಂದ ಕಡೇ ತನಕ ಒಂದೇ ಸಮ" ಎಂದು ಅವನು.

ಕೇಳಿ ಕೇಳಿ ನನಗೂ ಗೊತ್ತಾಗಿತ್ತು. ನೀಲಿಯದು ಕೆಳಗಿನ ವೇಗದಿಂದಲೇ ಎಳೆಯುತ್ತದೆ. ಹಳದಿಯದು ಎಂಜಿನ್ ಕಿರುಚುವ ತನಕ ಏನೂ ಕೊಡುವುದಿಲ್ಲ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಕೊಡುತ್ತದೆ. ಹಾಗಾಗಿ ಹಳದಿಯದನ್ನು ತಿರುವಿನಲ್ಲಿ ಎಬ್ಬಿಸಲು ಎಡಗೈಯ ಬೆರಳುಗಳು ಕ್ಲಚ್ಚನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತಲೇ ಇರಬೇಕು. ನೀಲಿಯದಕ್ಕೆ ಅಷ್ಟು ಬೇಡ.

ಮಾಚೇನಹಳ್ಳಿಯ ಆಚೆ ಒಂದು ಹಳೆಯ ಇಟ್ಟಿಗೆ ಗೂಡಿನ ಜಾಗವಿತ್ತು. ಮಣ್ಣು ತೆಗೆದು ತೆಗೆದು ನೆಲವೆಲ್ಲ ಹಳ್ಳ ದಿಬ್ಬ. ಒಡೆದ ಇಟ್ಟಿಗೆಯ ರಾಶಿಗಳ ಮೇಲೆ ಮಣ್ಣು ಎಳೆದರೆ ಹಾರುವ ದಿಬ್ಬಗಳು ಸಿದ್ಧ. ಅರ್ಧ ಬಿದ್ದ ಗೂಡಿನ ಗೋಡೆಯನ್ನು ಸುತ್ತಿ ಬರುವ ಇಕ್ಕಟ್ಟಿನ ತಿರುವಿಗೆ ಗೂಡಿನ ಮೂಲೆ ಎಂದೇ ಹೆಸರು. ಸಂಕ್ರಾಂತಿ ಕಳೆದ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ಸೇರುತ್ತಿದ್ದೆವು. ಕೆಂಪು ಬಟ್ಟೆ ಬೀಸಿ ಓಟ ಬಿಡುತ್ತಿದ್ದವರು ಭದ್ರಾವತಿಯ ಸೆಲ್ವಣ್ಣ. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ನೋಡಲು ಆ ಕಡೆಯ ನಾಲ್ಕು ಜನ, ಈ ಕಡೆಯ ನಾಲ್ಕು ಜನ ಬರುತ್ತಿದ್ದರು.

ನನಗೂ ಅಲ್ಲಿ ಒಂದು ಕೆಲಸವಿತ್ತು. ಈ ಗಾಡಿಗಳ ಪಿಸ್ಟನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲೇ ಕಲಸಿ ಹಾಕಬೇಕು. ಕಡಿಮೆಯಾದರೆ ಎಂಜಿನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಹೊಗೆ ಕಾರಿ ಕೆಮ್ಮುತ್ತದೆ. ಹೋದ ಸಲ ನೀನು ಬೇರೆ ಎಣ್ಣೆ ಹಾಕಿದ್ದೆ, ಇಲ್ಲ ನೀವೇ ಹಾಕಿದ್ದು ಎಂದು ಜಗಳವಾಗಿ, ಕೊನೆಗೆ ಇಬ್ಬರ ಗಾಡಿಗೂ ಒಂದೇ ಕ್ಯಾನಿನಿಂದ, ಒಂದೇ ಕೈಯಿಂದ ಎಂದು ನಿಯಮವಾಯಿತು. ಆ ಕೈ ನನ್ನದು. ಒಬ್ಬರಿಗೆ ಹೆಂಡತಿ, ಇನ್ನೊಬ್ಬನಿಗೆ ಅಕ್ಕ, ಹಾಗಾಗಿ ಮೋಸ ಮಾಡುವುದಿಲ್ಲ ಎಂದು ಅವರ ಲೆಕ್ಕ. ಅಡುಗೆಮನೆಯ ಹಳೆಯ ಸ್ಟೀಲ್ ಲೋಟವೇ ನನ್ನ ಅಳತೆ. ಎಲ್ಲರ ಎದುರು ಅಳೆದು, ಕ್ಯಾನು ಅಲ್ಲಾಡಿಸಿ, ಎರಡು ಟ್ಯಾಂಕಿಗೂ ಸುರಿಯುತ್ತಿದ್ದೆ.

"ಏನಮ್ಮಾ, ತಾಯಿ ಮನೆ ಗಾಡಿಗೆ ಒಂದು ತೊಟ್ಟು ಜಾಸ್ತಿ ಬಿತ್ತಾ?" ಎಂದು ಸೆಲ್ವಣ್ಣ ಕಣ್ಣು ಮಿಟುಕಿಸುತ್ತಿದ್ದರು.

"ನಿಮ್ಮ ಬಾಯಿಗೆ ಹಾಕ್ತೀನಿ ಇರಿ" ಎನ್ನುತ್ತಿದ್ದೆ. ಎಲ್ಲ ನಗುತ್ತಿದ್ದರು. ಆ ನಗು ಶಿವರಾತ್ರಿಯ ತನಕ ಇತ್ತು.

ಮೊದಮೊದಲು ಇವರೇ ಹೆಚ್ಚು ಗೆಲ್ಲುತ್ತಿದ್ದರು. ಶಿವರಾತ್ರಿ ಕಳೆದ ಮೇಲೆ ಸೋಲು ಶುರುವಾಯಿತು. ನೆಟ್ಟಗಿನ ದಾರಿಯಲ್ಲಿ ಮುಂದೆ ಇರುತ್ತಿದ್ದರು, ದಿಬ್ಬ ಹಾರುವಾಗಲೂ ಮುಂದೆ. ಗೂಡಿನ ಮೂಲೆಗೆ ಬಂದರೆ ನೀಲಿ ಗಾಡಿ ತಡವರಿಸುತ್ತಿತ್ತು. ಒಂದು ಸಲ ಅಲ್ಲಿ ಆಫ್ ಆಗಿಯೇ ಹೋಯಿತು. ಗಾಡಿ ತಳ್ಳಿಕೊಂಡು ಬಂದವರು ನನ್ನ ಹತ್ತಿರ ನಿಂತು ತಲೆ ತಗ್ಗಿಸಿದರು. ಹೆಲ್ಮೆಟ್ಟಿನ ಪಟ್ಟಿಯನ್ನು ನಾನು ಬಿಚ್ಚಿದೆ. ಅದು ಯಾವಾಗ ನನ್ನ ಕೆಲಸವಾಯಿತೋ ನೆನಪಿಲ್ಲ.

"ಇವತ್ತು ಮೊದಲು ಯಾರ ಟ್ಯಾಂಕಿಗೆ ಹಾಕಿದೆ?" ಎಂದು ಕೇಳಿದರು.

"ನಿಮ್ಮದಕ್ಕೇ."

"ಸರಿಯಾಗಿ ಅಲ್ಲಾಡಿಸಿದ್ಯಾ? ಎಣ್ಣೆ ತಳಕ್ಕೆ ಕೂತಿರುತ್ತೆ."

ಅವರು ಹಾಸ್ಯಕ್ಕೆ ಕೇಳಿರಲಿಲ್ಲ. ಮದುವೆಯಾಗಿ ಅಷ್ಟು ವರ್ಷಕ್ಕೆ ನನ್ನ ತವರಿನ ಹೆಸರು ಹೇಳದೆಯೇ ಅದನ್ನು ನಮ್ಮ ನಡುವೆ ತಂದು ಕೂರಿಸಿದ್ದು ಅದೇ ಮೊದಲು.

ಆಮೇಲೆ ಕೇಬಲ್ಲಿನ ಮಾತು ಬಂತು. ಕ್ಲಚ್ ಕೇಬಲ್ ಯಾರೋ ಬಿಗಿ ಮಾಡುತ್ತಿದ್ದಾರೆ ಎಂದರು. ಹೊಸದು ಹಾಕಿದರು, ವಾರಕ್ಕೆ ಅದನ್ನೂ ತೆಗೆದರು. ತೆಗೆದು ಎಸೆದ ಕೇಬಲ್ಲುಗಳನ್ನು ನಾನು ಎತ್ತಿ ನೋಡಿದೆ. ಒಂದು ಎಳೆಯೂ ಹರಿದಿರಲಿಲ್ಲ, ಒಳಗೆ ಎಣ್ಣೆ ಜಿನುಗುತ್ತಿತ್ತು.

"ಗ್ಯಾರೇಜಿಗೆ ಯಾರು ಬರ್ತಾರೆ ಹೋಗ್ತಾರೆ ಅಂತ ಸ್ವಲ್ಪ ನೋಡ್ತಿರು" ಎಂದರು ಒಂದು ದಿನ.

"ಯಾರು ಅಂತ?"

"ಹೆಸರು ಹೇಳಿಸ್ಬೇಡ ಮಾರಾಯ್ತಿ ನನ್ನ ಹತ್ರ."

ವಾರದ ನಡುವೆ ಬೇರಿಂಗು, ಬೋಲ್ಟು ಎಂದು ಶಿವಮೊಗ್ಗಕ್ಕೆ ಬರುತ್ತಿದ್ದವನು ಶಿವು ಒಬ್ಬನೇ. ಬಂದವನು ಗ್ಯಾರೇಜಿನಲ್ಲಿ ಕಾಫಿ ಕುಡಿಯದೆ ಹೋಗುತ್ತಿರಲಿಲ್ಲ. ನಾನು ಕಾಫಿಯ ನೆಪದಲ್ಲಿ ಅಲ್ಲೇ ನಿಂತಿರಲು ಶುರು ಮಾಡಿದೆ. ಅವನು ನೀಲಿ ಗಾಡಿಯನ್ನು ನೋಡುತ್ತಿದ್ದುದು ನಿಜ. ಗಾಡಿಯನ್ನು ನೋಡಿ, ಇವರ ಕೈ ಕಡೆ ನೋಡಿ, ಮತ್ತೆ ಗಾಡಿಯನ್ನು ನೋಡುತ್ತಿದ್ದ. ಏನೋ ಅಳೆಯುತ್ತಿರುವವನ ಹಾಗೆ. ಚಿಕ್ಕಂದಿನಲ್ಲಿ ಚೌಕಾಬಾರದ ಕವಡೆಯನ್ನು ತೊಡೆಯ ಕೆಳಗೆ ಅಡಗಿಸಿಟ್ಟು ಇದೇ ಮುಖ ಮಾಡಿಕೊಂಡು ಕೂರುತ್ತಿದ್ದ.

ಒಂದು ಸಂಜೆ ದೇವರ ಮುಂದಿನ ವಿಭೂತಿಯನ್ನು ಒಂದು ಚಿಟಿಕೆ ಒದ್ದೆ ಮಾಡಿ, ಕ್ಲಚ್ ಹಿಡಿಯ ಬುಡದಲ್ಲಿ ಕೇಬಲ್ ಸಡಿಲ ಮಾಡುವ ತಿರುಪಿಗೆ ಸವರಿದೆ. ಯಾರು ಮುಟ್ಟಿದರೂ ಗೊತ್ತಾಗಬೇಕು. ಮಾರನೇ ದಿನ ಶಿವು ಬಂದು ಹೋದ, ವಿಭೂತಿ ಇದ್ದ ಹಾಗೆ ಇತ್ತು. ಅದರ ಮರುದಿನ ಮಧ್ಯಾಹ್ನ ಇವರು ಊಟಕ್ಕೆ ಬಂದು ಬಲಗೈ ಮುಂದೆ ಹಿಡಿದರು. ಬೆರಳ ಗೆರೆಗಳಲ್ಲಿ ಗ್ರೀಸಿನ ಜೊತೆ ಬೂದಿ.

"ಏನೇ, ಗಾಡಿಗೆ ಪೂಜೆ ಮಾಡಿದ್ಯಾ?"

"ಹೂಂ, ಗೆಲ್ಲಲಿ ಅಂತ" ಎಂದೆ.

ನಕ್ಕರು. ನಾನು ಅನ್ನ ಬಡಿಸಿದೆ. ಆ ತಿರುಪನ್ನು ಸಡಿಲ ಮಾಡುತ್ತಾ ಬಿಗಿ ಮಾಡುತ್ತಾ ಇದ್ದವರು ಅವರೇ. ಎಡಗೈಯಲ್ಲಿ ಹಿಡಿಯುವಷ್ಟು ಕ್ಲಚ್ ಮೆತ್ತಗಾಯಿತೇ ಎಂದು ನೋಡುತ್ತಿದ್ದರು. ಆವತ್ತಿನಿಂದ ನನ್ನ ಕಣ್ಣು ಗಾಡಿಯನ್ನು ಬಿಟ್ಟು ಅವರ ಎಡಗೈಗೆ ಹೋಯಿತು. ಗ್ಯಾರೇಜಿನ ಶಟರನ್ನು ಬಲಗೈ ಒಂದರಲ್ಲೇ ಎಳೆಯುತ್ತಿದ್ದರು. ಅಂಗಿಯ ಗುಂಡಿ ಹಾಕಲು ಗೋಡೆಯ ಕಡೆ ತಿರುಗುತ್ತಿದ್ದರು. ಸ್ನಾನವಾದ ಮೇಲೆ ಹಗ್ಗದ ಮೇಲೆ ಹಾಕಿದ ಟವೆಲ್ಲು ಹಿಂಡದೆ ತೊಟ್ಟಿಕ್ಕುತ್ತಿತ್ತು. ಡಾಕ್ಟರ ಮಾತೆತ್ತಿದರೆ, "ಸ್ಪ್ಯಾನರ್ ಹಿಡಿದ ಕೈ, ನೋವು ಬರಲ್ವಾ?" ಎಂದು ಎದ್ದು ಹೋಗುತ್ತಿದ್ದರು. ಕೈ ಹೋಯಿತೆಂದು ಒಬ್ಬ ಗಿರಾಕಿಗೆ ಗೊತ್ತಾದರೆ ಗ್ಯಾರೇಜು ಹೋದ ಹಾಗೆ. ಅದು ನನಗೂ ಗೊತ್ತಿತ್ತು. ಅದಕ್ಕೇ ನಾನೂ ಸುಮ್ಮನಿದ್ದೆ.

ಆದರೆ ಶಿವುವಿನ ಮೇಲಿನ ಅನುಮಾನ ಅದರಿಂದ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಯಾಕೆಂದರೆ ಅದೇ ದಿನಗಳಲ್ಲಿ ಅವನ ಹಳದಿ ಗಾಡಿ ಗೆರೆಯ ಹಿಂದೆ ನಿಲ್ಲುವುದನ್ನು ಬಿಟ್ಟಿತು. ಸೆಲ್ವಣ್ಣ ಬಟ್ಟೆ ಎತ್ತುವ ಮೊದಲೇ ಇಂಚು ಇಂಚಾಗಿ ಮುಂದೆ ಜರುಗುತ್ತಿತ್ತು.

"ಏನಪ್ಪಾ ಶಿವು, ನಿನ್ ಗಾಡಿ ನಿಂತ ಕಡೆ ನಿಲ್ಲಲ್ವಲ್ಲ? ಯಾರನ್ನ ಏಮಾರಿಸ್ತೀಯಾ?"

"ಇಲ್ಲ ಅಣ್ಣ, ಏನೋ ಕ್ಲಚ್ ಪ್ಲೇಟ್ ಅಂಟ್ಕೊಂಡಿದೆ."

"ಲೇತು ಇಟ್ಕೊಂಡು ಪ್ಲೇಟ್ ಸರಿ ಮಾಡಕ್ಕಾಗಲ್ವಾ? ಕಥೆ ಹೇಳ್ಬೇಡ."

ಶಿವಮೊಗ್ಗದ ಕಡೆಯವರು ಕಳ್ಳ ಓಟ ಎಂದು ಕೂಗಿದರು. ಶಿವು ತಲೆ ಎತ್ತಲಿಲ್ಲ. ವಾರ ವಾರ ಅದೇ ಕಥೆ. ಒಂದು ವಾರ ಹೆಚ್ಚು ಜರುಗುತ್ತಿತ್ತು, ಇನ್ನೊಂದು ವಾರ ಕಡಿಮೆ. ಸರಿ ಮಾಡಿಕೊಳ್ಳಲು ಬಾರದವನಲ್ಲ ಅವನು, ಬೇಕೆಂದೇ ಬಿಟ್ಟಿದ್ದಾನೆ ಎಂದು ನಾನು ಅಂದುಕೊಂಡೆ.

ಯುಗಾದಿ ಕಳೆದು, ಮುಂಗಾರಿಗೆ ಮೊದಲಿನ ಅಡ್ಡ ಮಳೆಯ ಮೋಡಗಳು ಮಧ್ಯಾಹ್ನ ಕಟ್ಟಲು ಶುರುವಾಗಿದ್ದ ಒಂದು ಭಾನುವಾರ ಅವನೇ ಮಾತು ತೆಗೆದ.

"ಭಾವ, ಹೀಗೆ ಮಾಡೋಣ. ಮುಂದಿನ ವಾರ ನನ್ನದನ್ನ ನೀವು ಓಡಿಸಿ, ನಿಮ್ಮದನ್ನ ನಾನು ಓಡಿಸ್ತೀನಿ. ಯಾವ ಗಾಡಿ ಹೆಚ್ಚು ಅಂತ ಒಂದೇ ಸಲಕ್ಕೆ ಗೊತ್ತಾಗಿ ಹೋಗ್ಲಿ."

ಎಲ್ಲರಿಗೂ ಅದು ಸರಿ ಎನ್ನಿಸಿತು. ಎಲ್ಲರೂ ಇವರನ್ನೇ ನೋಡುತ್ತಿದ್ದರು. "ಆಗಲಿ" ಎಂದರು ಇವರು.

ನೀಲಿಯದನ್ನೇ ಗೂಡಿನ ಮೂಲೆಯಲ್ಲಿ ತಿರುಗಿಸಲಾಗದ ಕೈ, ಹೆಜ್ಜೆಗೊಮ್ಮೆ ಕ್ಲಚ್ ಕೇಳುವ ಹಳದಿಯದನ್ನು ಹೇಗೆ ತಿರುಗಿಸೀತು? ಶಿವುವಿಗೆ ಕೈಯ ವಿಷಯ ಗೊತ್ತಾಗಿದೆ. ಗೊತ್ತಾಗಿಯೇ ಊರ ಮುಂದೆ ಅದನ್ನು ಬಿಚ್ಚಿಡಲು ಹೊರಟಿದ್ದಾನೆ. ಅವನನ್ನು ಪಕ್ಕಕ್ಕೆ ಕರೆದೆ.

"ಬೇಡ ಶಿವು. ಈ ಬದಲಾಯಿಸೋದೆಲ್ಲ ಬೇಡ."

"ಯಾಕಕ್ಕ?"

ಯಾಕೆ ಎಂದು ಹೇಳುವ ಹಾಗಿರಲಿಲ್ಲ. "ಏನೂ ಆಗಲ್ಲ ಬಿಡು" ಎಂದು ಹೋದ.

ಆ ಭಾನುವಾರ ಬೆಳಗ್ಗೆಯೇ ಸೆಕೆ. ನಾನು ಕ್ಯಾನನ್ನು ತೋಳು ನೋಯುವ ತನಕ ಅಲ್ಲಾಡಿಸಿದೆ. ಇವರು ಹಳದಿ ಗಾಡಿಯ ಮೇಲೆ ಕೂತು ಎಡಗೈ ಚಾಚಿ ಕ್ಲಚ್ ಹಿಡಿದರು. ಬಿಟ್ಟರು. ಮತ್ತೆ ಹಿಡಿದರು. ಬಗ್ಗಿ ಎಂಜಿನ್ ಕಡೆ ಒಮ್ಮೆ ನೋಡಿದರು. ಎಂಜಿನ್ ಇನ್ನೂ ಶುರು ಮಾಡಿರಲಿಲ್ಲ. ನನ್ನನ್ನು ಕರೆದರು.

"ಒಂದು ಇಟ್ಟಿಗೆ ಚೂರು ತಗೊಂಡು ಮುಂದಿನ ಗಾಲಿಗೆ ಇಡು. ಇದು ಜರುಗುತ್ತೆ."

ಸುತ್ತ ಇದ್ದವರೆಲ್ಲ ನಕ್ಕರು. ಶಿವುವನ್ನು ಚುಚ್ಚಲು ಹೇಳಿದರು ಎಂದು ನಾನೂ ನಕ್ಕೆ. ಅಲ್ಲಿ ಇಟ್ಟಿಗೆ ಚೂರಿಗೆ ಏನು ಬರ. ಒಂದನ್ನು ಎತ್ತಿ ಗಾಲಿಗೆ ಒತ್ತಿ ಇಟ್ಟೆ. ಪಕ್ಕದಲ್ಲಿ ನೀಲಿ ಗಾಡಿಯ ಮೇಲೆ ಶಿವು ನಗಲೂ ಇಲ್ಲ, ತಿರುಗಿ ನೋಡಲೂ ಇಲ್ಲ.

ಸೆಲ್ವಣ್ಣ ಬಟ್ಟೆ ಬೀಸಿದರು. ಇಟ್ಟಿಗೆ ಚೂರನ್ನು ದಾಟಿ ಹಳದಿ ಗಾಡಿ ಹೋಯಿತು. ನಾನು ಬೇರೇನನ್ನೂ ನೋಡದೆ ಗೂಡಿನ ಮೂಲೆಯನ್ನು ಮಾತ್ರ ನೋಡುತ್ತಾ ನಿಂತೆ. ಮೊದಲ ಸುತ್ತಿನಲ್ಲಿ ಶಿವು ಮುಂದೆ ಇದ್ದ. ಹಿಂದೆ ಹಳದಿ ಗಾಡಿ ಗೋಡೆಯ ಮರೆಗೆ ಹೋಯಿತು. ಅಲ್ಲಿ ಅದರ ಸದ್ದು ಒಮ್ಮೆ ಇಳಿಯಿತು. ಆಫ್ ಆಯಿತು ಎಂದುಕೊಂಡೆ. ಅಷ್ಟರಲ್ಲಿ ಆ ಕಿರುಚು ಎದ್ದಿತು, ಒಂದೇ ಎಳೆತದಲ್ಲಿ. ಇವರು ಗೋಡೆಯ ಈಚೆ ಬಂದಾಗ ಕಾಲು ಚಾಚಿ, ಮೊಣಕೈ ಎತ್ತಿ, ಮದುವೆಯಾದ ಹೊಸತರಲ್ಲಿ ನಾನು ನೋಡಿದ್ದ ಹಾಗೆ ಇದ್ದರು. ಕೊನೆಯ ಸುತ್ತಿನಲ್ಲಿ ಅದೇ ಮೂಲೆಯಲ್ಲಿ ಶಿವುವಿಗೂ ಗೋಡೆಗೂ ನಡುವಿನಿಂದ ನುಗ್ಗಿ ಮುಂದೆ ಬಂದರು. ಗೆದ್ದರು.

"ಗಾಡಿ ಅಂದ್ರೆ ಹಳದಿನೇ. ಇವತ್ತು ತೀರ್ಮಾನ ಆಯ್ತು" ಎಂದರು ಸೆಲ್ವಣ್ಣ.

"ಒಪ್ಕೊಂಡೆ ಮಾರಾಯ" ಎಂದರು ಇವರು. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ನನ್ನ ಕಡೆ ತಲೆ ಬಗ್ಗಿಸಿದರು. ಮುಖ ಬೆವರಿನಲ್ಲಿ ಮುಳುಗಿತ್ತು, ಕಣ್ಣು ಮಾತ್ರ ನಗುತ್ತಿತ್ತು. ಮನೆಗೆ ಬಂದು ಎರಡು ಸಲ ಸಾರು ಹಾಕಿಸಿಕೊಂಡರು. ಆಮೇಲೆ ಯಾವತ್ತೂ ಕೇಬಲ್ಲು ಬದಲಾಯಿಸಲಿಲ್ಲ, ಕ್ಯಾನಿನ ಮಾತೂ ಎತ್ತಲಿಲ್ಲ.

ನನಗೆ ಆ ಸಂತೋಷದಲ್ಲೂ ಒಂದು ಮುಳ್ಳು ಇತ್ತು. ಶಿವು ಬೇಕೆಂದೇ ಸೋತಿದ್ದಾನೆ. ಕನಿಕರಕ್ಕೆ ಬಿಟ್ಟುಕೊಟ್ಟಿದ್ದಾನೆ. ಇವರಿಗೆ ಅದು ತಿಳಿದರೆ ಆ ಕಣ್ಣಿನ ನಗು ಏನಾದೀತು? ಕೇಳಿದರೆ ಹೊರಗೆ ಬಂದುಬಿಡುತ್ತದೆ ಎಂದು ಕೇಳಲಿಲ್ಲ.

ಮುಂದಿನ ವಾರ ಮಳೆ ಹಿಡಿಯಿತು. ಇಟ್ಟಿಗೆ ಗೂಡಿನ ಜೇಡಿಯಲ್ಲಿ ಕಾಲಿಡುವ ಹಾಗಿರಲಿಲ್ಲ. ಮತ್ತೆ ಅಲ್ಲಿಗೆ ನಾವು ಹೋಗಲಿಲ್ಲ. ಆಷಾಢದಲ್ಲಿ ಕೈಯಿಂದ ಸ್ಪ್ಯಾನರ್ ಜಾರಿ ಬಿತ್ತು, ಆಮೇಲೆ ಆಸ್ಪತ್ರೆಗಳು. ನರದ ಕಾಯಿಲೆ, ಎಡಗೈಯಿಂದ ಶುರುವಾಗಿ ನಿಧಾನವಾಗಿ ಎಲ್ಲ ಕಡೆ ಹೋಗುತ್ತದೆ ಎಂದರು. ಹೋಯಿತು. ಅದನ್ನು ಬರೆಯಲು ನನಗೆ ಈಗ ಆಗುವುದಿಲ್ಲ.

ಹೋದ ಭಾನುವಾರಕ್ಕೆ ಬರುತ್ತೇನೆ. ಪೆಟ್ರೋಲು ಕಲಸಿ ಎರಡು ಟ್ಯಾಂಕಿಗೂ ಸುರಿದೆ. ಶಿವು ಪ್ಲಗ್ಗು ಒರೆಸುತ್ತಾ ಕೂತಿದ್ದ. ನಾನು ಸುಮ್ಮನೆ ನೀಲಿ ಗಾಡಿಯ ಕ್ಲಚ್ ಹಿಡಿದು ನೋಡಿದೆ. ಬೆರಳು ನೋಯುವಷ್ಟು ಗಟ್ಟಿ. ಇದನ್ನು ಅವರು ಆ ಕೈಯಲ್ಲಿ ವಾರ ವಾರ ಹಿಡಿಯುತ್ತಿದ್ದರು. ತಿರುಗಿ ಹಳದಿಯದನ್ನು ಹಿಡಿದೆ. ಬೆಣ್ಣೆಯಲ್ಲಿ ಬೆರಳು ಇಳಿದ ಹಾಗೆ ಬಂತು.

"ಇದ್ಯಾಕೋ ಇಷ್ಟು ಮೆತ್ತಗಿದೆ?"

"ಹಳೇ ಗಾಡಿ ಅಲ್ವಾ ಅಕ್ಕ."

"ಅದೂ ಹಳೇದೇ."

ನಾನು ಬಗ್ಗಿ ಕೇಬಲ್ಲು ಹೋದ ದಾರಿಯನ್ನು ಹಿಡಿದು ನೋಡಿದೆ. ಎಂಜಿನ್ನಿನ ಪಕ್ಕದಲ್ಲಿ ಕೇಬಲ್ಲಿನ ತುದಿ ಸಿಕ್ಕಿಸುವ ಒಂದು ಕಬ್ಬಿಣದ ತುಂಡು ಇರುತ್ತದೆ. ಹಳದಿ ಗಾಡಿಯಲ್ಲಿ ಅದು ನೀಲಿಯದಕ್ಕಿಂತ ಉದ್ದವಿತ್ತು. ನಡುವೆ ವೆಲ್ಡಿಂಗಿನ ಗೆರೆ. ಮೇಲೆ ಯಾವುದೋ ಕಪ್ಪು ಬಣ್ಣ ಬಳಿದು ಮುಚ್ಚಿದ್ದ.

"ಇದು ನಿನ್ನ ಕೆಲಸ."

"ಹೂಂ" ಎಂದ. ಪ್ಲಗ್ಗನ್ನು ಕೆಳಗಿಟ್ಟ. "ಬೋರ್‌ವೆಲ್ ಕೈಪಂಪು ನೋಡಿದ್ಯಲ್ಲ, ಹಿಡಿ ಉದ್ದ ಇದ್ದಷ್ಟೂ ಹಗುರ. ಹಾಗೇ ಇದು. ಆದ್ರೆ ಪ್ಲೇಟು ಪೂರ್ತಿ ಬಿಡಲ್ಲ, ಗಾಡಿ ಜರುಗುತ್ತೆ. ಎಷ್ಟು ಉದ್ದ ಇರ್ಬೇಕು ಅಂತ ಗೊತ್ತಾಗೋಕೆ ವಾರಗಟ್ಟಲೆ ಆಯ್ತು."

"ಕಳ್ಳ ಓಟ ಅಂದ್ರಲ್ಲೋ ಎಲ್ಲ."

"ಅಂದ್ರು."

"ಕೈ ವಿಷ್ಯ ನಿಂಗೆ ಹೇಗೆ ಗೊತ್ತಾಯ್ತು?"

"ಹೆಲ್ಮೆಟ್ ನೀನು ಬಿಚ್ತಿದ್ದೆ ಅಕ್ಕ. ಮೊದಲು ಭಾವ ತಲೆ ಮುಟ್ಟೋಕೆ ಯಾರನ್ನೂ ಬಿಡ್ತಿರಲಿಲ್ಲ."

"ಅವರ ಗಾಡಿಗೇ ಮಾಡಬಹುದಿತ್ತಲ್ಲ ಇದನ್ನ."

"ಅವರ ಗಾಡಿಗೆ ಕೈ ಹಾಕಿದ್ರೆ, ನಂಗೆ ಗೊತ್ತಾಯ್ತು ಅಂತ ಅವರ ಮುಖಕ್ಕೆ ಹೇಳಿದ ಹಾಗೆ. ನನ್ನ ಗಾಡಿ ಹೇಗಿದ್ರೂ ನನ್ನದು."

ನಾನು ಕಟ್ಟೆಯ ಮೇಲೆ ಕೂತೆ. ಇಷ್ಟು ದಿನ ಇಟ್ಟುಕೊಂಡಿದ್ದ ಮಾತನ್ನು ಕೇಳಲೇಬೇಕಿತ್ತು.

"ಆವತ್ತು ನೀನು ಬೇಕಂತ ಸೋತೆಯಾ?"

ಅವನು ನೇರ ನನ್ನನ್ನು ನೋಡಿದ್ದು ಆಗ. "ಇಲ್ಲ ಅಕ್ಕ. ಅದೊಂದು ಮಾಡಲಿಲ್ಲ. ಗೂಡಿನ ಮೂಲೇಲಿ ಗೋಡೆ ಕಡೆ ಜಾಗ ಬಿಡದೆ ನಾನು ಅಡ್ಡ ಹಾಕ್ದೆ, ಆದ್ರೂ ಭಾವ ಅಲ್ಲಿಂದಲೇ ನುಗ್ಗಿದ್ರು. ಮೈ ಉರೀತು ನಂಗೆ."

ಅವನ ಮುಖವನ್ನು ನೋಡಿದೆ. ಕವಡೆ ಅಡಗಿಸಿದ ಮುಖವಲ್ಲ ಅದು. ಎರಡು ವರ್ಷದ ಹಿಂದಿನ ಸೋಲಿಗೆ ಇನ್ನೂ ಸ್ವಲ್ಪ ಕೋಪವಿತ್ತು.

"ಅವರಿಗೆ ಗೊತ್ತಾಗಿತ್ತಾ, ನೀನು ಇದನ್ನ ಮಾಡಿದ್ದು?"

"ಹಿಡಿದ ಕೂಡಲೇ ಗೊತ್ತಾಗಿರುತ್ತೆ. ಮೆಕ್ಯಾನಿಕ್ಕು ಅಲ್ವಾ. ಒಂದು ಮಾತೂ ಆಡಲಿಲ್ಲ. ನಿನ್ನ ಹತ್ರ ಇಟ್ಟಿಗೆ ಚೂರು ಕೇಳಿದ್ರಲ್ಲ, ಅಷ್ಟೇ."

ಆಮೇಲೆ ಅವನು ಜೇಬಿನಿಂದ ಒಂದು ಗಿಡ್ಡ ಕಬ್ಬಿಣದ ತುಂಡು ತೆಗೆದ. ಹಳದಿ ಗಾಡಿಯ ಮೊದಲಿನದ್ದು. "ಇದನ್ನ ವಾಪಸ್ ಹಾಕ್ಬೇಕು ಅಂತ ತಂದೆ. ನನ್ನ ಅಂಗಡಿಯಲ್ಲೇ ಹಾಕಬಹುದಿತ್ತು. ನಿನ್ನ ಕೇಳದೆ ತೆಗೆಯೋಕೆ ಮನಸ್ಸು ಬರಲಿಲ್ಲ."

"ಹಾಕ್ಬೇಡ. ಇರಲಿ" ಎಂದೆ.

ತುಂಡನ್ನು ಜೇಬಿಗೆ ಹಾಕಿಕೊಂಡ. ಮೊದಲು ನೀಲಿ ಗಾಡಿಯ ಕಿಕ್ ಒದ್ದ. ಬಹಳ ಹೊತ್ತು ಒದೆಸಿಕೊಂಡು, ಕೆಮ್ಮಿ, ಶುರುವಾಯಿತು. ಅಂಗಳದ ತುಂಬ ಹೊಗೆ, ಆ ವಾಸನೆ. ಅದು ಬಿಸಿಯಾದ ಮೇಲೆ ಹಳದಿಯದರ ಮೇಲೆ ಕೂತು ಶುರು ಮಾಡಿದ. ಕ್ಲಚ್ ಹಿಡಿದು ಗೇರ್ ಹಾಕುವವನಿದ್ದ.

"ಇರು" ಎಂದು ನಾನು ಎದ್ದು ಹೋಗಿ, ತುಳಸಿ ಕಟ್ಟೆಯ ಬುಡದಲ್ಲಿ ಬಿದ್ದಿದ್ದ ಒಂದು ಇಟ್ಟಿಗೆ ಚೂರನ್ನು ತಂದು ಮುಂದಿನ ಗಾಲಿಗೆ ಒತ್ತಿ ಇಟ್ಟೆ.